ಪುಟ್ಟಿಯ ಎದೆಯ ಬಾಗಿಲು

ಹೃದಯದ ಪಾಠ ಮಾಡುತ್ತ ನನಗೆ ಇಪ್ಪತ್ತೆಂಟು ವರ್ಷಗಳಾದವು. ಕರಿಹಲಗೆಯ ಮೇಲೆ ನಾಲ್ಕು ಕೋಣೆ ಬರೆದು, ‘ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿಗಳ ನಡುವಿನ ಬಾಗಿಲೇ ದ್ವಿದಳ ಕವಾಟ, ಒಂದೇ ಕಡೆಗೆ ತೆರೆಯುತ್ತದೆ’ ಎನ್ನುವುದು ಬಾಯಿಪಾಠವಾಗಿದೆ. ಆ ಬಾಗಿಲು ಕೆಟ್ಟರೆ ಏನಾಗುತ್ತದೆಂದು ನನಗೆ ಕಲಿಸಿದವಳು ಮಾತ್ರ ನಮ್ಮ ಮನೆಯ ಪೊಮೆರೇನಿಯನ್ ನಾಯಿ, ಪುಟ್ಟಿ.

ಹನ್ನೊಂದು ವರ್ಷದ ಪುಟ್ಟಿ ಕಳೆದ ಮಳೆಗಾಲದಲ್ಲಿ ರಾತ್ರಿಯೆಲ್ಲ ಕೆಮ್ಮತೊಡಗಿದಳು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ನನ್ನವಳು ಬಾಳೆಹಣ್ಣು ತಿನ್ನಿಸಿದಳು. ಪಶುವೈದ್ಯರು ಸ್ಟೆತೊಸ್ಕೋಪ್ ಇಟ್ಟು ಕೇಳಿ, ಅದನ್ನು ನನ್ನ ಕಿವಿಗೂ ಕೊಟ್ಟರು. ‘ಲಬ್-ಡಬ್’ ಕೇಳಬೇಕಾದ ಕಡೆ ‘ಶ್ಶ್’ ಎಂಬ ಸದ್ದು.

‘ಕವಾಟ ದಪ್ಪವಾಗಿ ಸರಿಯಾಗಿ ಮುಚ್ಚುತ್ತಿಲ್ಲ ಮೇಷ್ಟ್ರೇ. ರಕ್ತ ಹಿಂದಕ್ಕೆ ಸೋರುತ್ತಿದೆ. ಸಣ್ಣ ತಳಿಗಳಿಗೆ ವಯಸ್ಸಾದಾಗ ಬರುವ ಕಾಯಿಲೆ.’

‘ಅತ್ತೆಗೆ ಮಾಡಿದ ಹಾಗೆ ಆಪರೇಷನ್ ಮಾಡಿಸೋಣ ಅಪ್ಪಾ’ ಎಂದಳು ಮಗಳು. ನನ್ನ ಅಕ್ಕನಿಗೆ ಚಿಕ್ಕಂದಿನ ರುಮಾಟಿಕ್ ಜ್ವರದಿಂದ ಇದೇ ಕವಾಟ ಕೆಟ್ಟು, ಕೃತಕ ಕವಾಟ ಹಾಕಿಸಿ ಇಪ್ಪತ್ತು ವರ್ಷವಾಯಿತು.

ನಾಯಿಗೂ ಆಪರೇಷನ್ ಇದೆ. ಜಪಾನಿನ ಯೊಕೊಹಾಮಾದ ಮಸಾಮಿ ಉಯೆಚಿ ಇದರಲ್ಲಿ ಹೆಸರಾದವರು. ನಾಲ್ಕು ಕಿಲೋ ನಾಯಿಯ ಮೈಯಲ್ಲಿರುವ ರಕ್ತ ಎರಡು ಲೋಟಕ್ಕೂ ಕಡಿಮೆ. ಅಂಥ ಜೀವದ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ, ಕವಾಟವನ್ನು ಎಳೆದು ಹಿಡಿಯುವ ತಂತುಗಳ ಬದಲು ಹೊಸ ನೂಲು ಹೊಲಿಯುತ್ತಾರೆ. ಬಾಣಲೆಗೆ ಬಳಿಯುವ ಟೆಫ್ಲಾನ್ ಜಾತಿಯದೇ ನೂಲು! ಅಗಲವಾದ ಕವಾಟದ ಬಾಯನ್ನೂ ಬಿಗಿ ಮಾಡುತ್ತಾರೆ. 2006ರಿಂದ 2009ರವರೆಗೆ ಹೀಗೆ ಆಪರೇಷನ್ ಆದ 48 ಸಣ್ಣ ನಾಯಿಗಳಲ್ಲಿ 45 ಮನೆಗೆ ಮರಳಿದವೆಂದು ಅವರ ತಂಡ 2012ರಲ್ಲಿ ಪ್ರಕಟಿಸಿತು.

ಖರ್ಚು ಹಲವು ಲಕ್ಷ, ಜೊತೆಗೆ ಸಮುದ್ರ ದಾಟುವ ಪ್ರಯಾಣ. ಮೇಷ್ಟ್ರ ಸಂಬಳಕ್ಕೆ ಎಟುಕುವ ಮಾತಲ್ಲ. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನನ್ನನ್ನು ಕೊರೆಯುವುದು ಹಣವಲ್ಲ. ಎರಡು ವರ್ಷದ ಹಿಂದೆ ಚುಚ್ಚುಮದ್ದಿಗೆ ಹೋದಾಗಲೇ ವೈದ್ಯರು, ‘ಎದೆಯಲ್ಲಿ ಸಣ್ಣ ಸದ್ದಿದೆ, ಪರೀಕ್ಷೆ ಮಾಡಿಸಿ’ ಎಂದಿದ್ದರು. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಯಲೆಂದು ಮುಂದೂಡಿದೆ, ಆಮೇಲೆ ಮರೆತೆ. ಹೃದಯ ದೊಡ್ಡದಾಗಿದ್ದೂ ಕೆಮ್ಮು, ಏದುಸಿರು ಶುರುವಾಗದ ನಾಯಿಗಳಿಗೆ ಪಿಮೊಬೆಂಡಾನ್ ಮಾತ್ರೆ ಕೊಟ್ಟರೆ ಸುಮಾರು 15 ತಿಂಗಳು ಹೆಚ್ಚು ನೆಮ್ಮದಿ ಸಿಗುತ್ತದೆಂದು 2016ರ ಅಧ್ಯಯನವೊಂದು ತೋರಿಸಿದೆ. ಆ ತಿಂಗಳುಗಳನ್ನು ನಾನೇ ಕಳೆದೆನೇನೋ.

ಮನುಷ್ಯರಿಗೆ 1953ರಲ್ಲಿ ಮೊದಲು ಯಶಸ್ವಿಯಾದ ಜಾನ್ ಗಿಬ್ಬನ್ನರ ಹೃದಯ-ಶ್ವಾಸಕೋಶ ಯಂತ್ರವಾಗಲಿ, 1960ರ ಸ್ಟಾರ್-ಎಡ್ವರ್ಡ್ಸ್ ಕೃತಕ ಕವಾಟವಾಗಲಿ, ಮನುಷ್ಯರಿಗೆ ಬಳಸುವ ಮುನ್ನ ನಾಯಿಗಳ ಮೇಲೂ ಪರೀಕ್ಷೆಗೊಳಗಾಗಿದ್ದವು. ನನ್ನ ಅಕ್ಕ ಇವತ್ತು ಉಸಿರಾಡುತ್ತಿರುವುದರಲ್ಲಿ ಆ ಹೆಸರಿಲ್ಲದ ನಾಯಿಗಳ ಪಾಲೂ ಇದೆ. ಪಾಠದಲ್ಲಿ ಈ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಈ ವರ್ಷ ಹೇಳಿದೆ.

ಈಗ ದಿನಕ್ಕೆರಡು ಹೊತ್ತು ಮಾತ್ರೆ. ರಾತ್ರಿ ಪುಟ್ಟಿ ನಿದ್ರಿಸಿದ ಮೇಲೆ ಗಡಿಯಾರ ಹಿಡಿದು ಉಸಿರು ಎಣಿಸುತ್ತೇನೆ. ನಿಮಿಷಕ್ಕೆ ಮೂವತ್ತು ದಾಟಿದರೆ ಕರೆತರಬೇಕೆಂದು ವೈದ್ಯರ ಆಜ್ಞೆ. ನಿನ್ನೆ ಇಪ್ಪತ್ತಾರು.