ಕೆಸರಿಗೊಂದು ಗಾಲಿ, ಹಿಮಕ್ಕೊಂದು ಹಲಗೆ

ನಮ್ಮ ಸಿಂಧನೂರಿನಲ್ಲಿ ಹಿಮ ಬೀಳುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಆದರೆ ಕಾಲು ಹುಗಿಯುವುದು ಎಂದರೇನು ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಎರೆ ಭೂಮಿಯ ಗದ್ದೆಯಲ್ಲಿ ಕೆಸರು ಹೊಡೆದ ಮೇಲೆ ಒಮ್ಮೆ ಇಳಿದು ನೋಡಿ. ಇಟ್ಟ ಕಾಲು ಮೊಣಕಾಲಿನವರೆಗೆ ಒಳಗೆ ಹೋಗುತ್ತದೆ. ಎತ್ತಲು ಹೋದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರುಗಳ ನಡುವೆಯೇ ನನ್ನ ನೌಕರಿಯ ಹೆಚ್ಚಿನ ವರ್ಷಗಳು ಕಳೆದವು. ಟ್ರ್ಯಾಕ್ಟರ್ ಸಾಲ ಕೊಟ್ಟ ಮೇಲೆ ಗಾಡಿ ಇದೆಯೋ ಇಲ್ಲವೋ ನೋಡಿ ಬರಲು ಫೀಲ್ಡ್ ಆಫೀಸರ್ ಹೋಗುತ್ತಿದ್ದರು. ಅವರ ಮೋಟರ್‌ಸೈಕಲ್ಲಿನ ಹಿಂದೆ ಕಡತ ಹಿಡಿದು ನಾನು. ಲಿಂಗಸುಗೂರು ಕಡೆಯ ಒಣ ಹೊಲಗಳಲ್ಲಿ ಟ್ರ್ಯಾಕ್ಟರ್ ತನ್ನ ರಬ್ಬರ್ ಟೈರಿನ ಮೇಲೆಯೇ ಓಡಾಡುತ್ತಿತ್ತು. ಮಸ್ಕಿ ದಾಟಿ ಸಿಂಧನೂರಿನ ನೀರಾವರಿಗೆ ಬಂದರೆ ಅದೇ ಟ್ರ್ಯಾಕ್ಟರಿಗೆ ಕಬ್ಬಿಣದ ಪಟ್ಟಿಗಳ ಅಗಲವಾದ ಗಾಲಿ. ಅದನ್ನು ಕೇಜ್‌ವೀಲ್ ಎನ್ನುತ್ತಾರೆ. ಸುಮಾರು ಎರಡು ಟನ್ ತೂಕದ ಗಾಡಿ ಕೆಸರಿನಲ್ಲಿ ಹುಗಿಯದೆ ಹೋಗಬೇಕಾದರೆ ತನ್ನ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಬೇಕು. ಆ ಗಾಲಿಯ ಕೆಲಸ ಅದೇ.

ಆದರೆ ಅದೇ ಕೇಜ್‌ವೀಲ್ ಡಾಂಬರು ರಸ್ತೆಗೆ ಬಂದರೆ? ರಸ್ತೆಯೂ ಹಾಳು, ಚಾಲಕನ ಸೊಂಟವೂ ಹಾಳು. ಅದಕ್ಕೇ ತಿಳಿದವರು ಅದನ್ನು ಬದುವಿನಲ್ಲೇ ಬಿಚ್ಚಿಟ್ಟು ಬರುತ್ತಾರೆ. ನೆಲ್ಲು ಕೊಯ್ಯುವ ಚೈನ್ ಮಷಿನ್ನೂ ಅಷ್ಟೆ. ಹಸಿ ಗದ್ದೆಯಲ್ಲಿ ರಾಜನಂತೆ ಓಡುತ್ತದೆ, ರಸ್ತೆಯಲ್ಲಿ ಲಾರಿಯ ಮೇಲೆ ಕುಳಿತು ಹೋಗುತ್ತದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ ನನ್ನ ಮೊಮ್ಮಗ. ಮಗಳ ಸಂಸಾರ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಒಂದು ಚಳಿಗಾಲ ನಾನೂ ನನ್ನ ಹೆಂಡತಿಯೂ ಅಲ್ಲಿದ್ದೆವು. ಊರಿನ ಪಕ್ಕದಲ್ಲೇ ವಾಸಾಚ್ ಬೆಟ್ಟಗಳು. ಅಲ್ಲಿ ಬೀಳುವ ಹಿಮ ಬಹಳ ಹಗುರ, ಜರಡಿ ಹಿಡಿದ ಹಿಟ್ಟಿನಂತೆ. ಅದಕ್ಕೆ ಅಲ್ಲಿಯವರು ಪೌಡರ್ ಎನ್ನುತ್ತಾರೆ. ಹೊಸದಾಗಿ ಬಿದ್ದ ಹತ್ತು ಇಂಚು ಹಿಮವನ್ನು ಕರಗಿಸಿದರೆ ಸಿಗುವುದು ಸುಮಾರು ಒಂದು ಇಂಚು ನೀರು ಮಾತ್ರ. ಉಳಿದದ್ದೆಲ್ಲ ಗಾಳಿ. ಗಾಳಿಯ ಮೇಲೆ ಮನುಷ್ಯ ನಿಲ್ಲುವುದು ಹೇಗೆ? ಅದಕ್ಕೇ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಳ್ಳುವುದು.

ಹದಿನಾರು ವರ್ಷದ ಮೊಮ್ಮಗ ನನ್ನನ್ನು ಬಾಡಿಗೆ ಸ್ಕೀ ಕೊಡುವ ಅಂಗಡಿಗೆ ಕರೆದುಕೊಂಡು ಹೋದ. ಗೋಡೆಗೆ ನೂರಾರು ಜೋಡಿ ಒರಗಿಸಿದ್ದರು. ಪ್ರತಿಯೊಂದರ ಮೇಲೂ ಅಂಕಿಗಳು. 165 ಎಂದರೆ ಉದ್ದ, ಸೆಂಟಿಮೀಟರ್‌ನಲ್ಲಿ. 78 ಎಂದರೆ ನಡುವಿನ ಅಗಲ, ಮಿಲಿಮೀಟರ್‌ನಲ್ಲಿ. ಇನ್ನೊಂದು ಜೋಡಿ 185 ಉದ್ದ, 115 ಅಗಲ. ಅದರ ಮೂತಿ ದೋಣಿಯಂತೆ ಮೇಲಕ್ಕೆ ಬಾಗಿತ್ತು. ಹುಡುಗನ ಕಣ್ಣು ಅದರ ಮೇಲೆಯೇ.

"ತಾತ, ಇದು ಪೌಡರ್ ಸ್ಕೀ. ಇದಿದ್ರೆ ಎಲ್ಲಿ ಬೇಕಾದ್ರೂ ಹೋಗಬಹುದು" ಎಂದ.

ಅಂಕಿ ಕಂಡರೆ ಲೆಕ್ಕ ಹಾಕದೆ ಇರಲು ನನಗೆ ಬರುವುದಿಲ್ಲ. ಮಕ್ಕಳೇ, ನೀವೂ ನನ್ನ ಜೊತೆ ಹಾಕಿ. ಹುಡುಗನ ತೂಕ 60 ಕಿಲೋ. ಬೂಟಿನ ಒಂದು ಅಂಗಾಲು ಸುಮಾರು 300 ಚದರ ಸೆಂಟಿಮೀಟರ್, ಎರಡಕ್ಕೆ 600. ಅಂದರೆ ಒಂದು ಚದರ ಸೆಂಟಿಮೀಟರ್ ಹಿಮದ ಮೇಲೆ 100 ಗ್ರಾಂ ಭಾರ. ಬರಿಯ ಬೂಟಿನಲ್ಲಿ ಇಳಿದರೆ ಸೊಂಟದವರೆಗೆ ಹುಗಿಯುತ್ತಾನೆ. ಸಣ್ಣ ಸ್ಕೀ ಕಟ್ಟಿದರೆ, ಮೂತಿಯಿಂದ ಬಾಲದವರೆಗೆ ಸರಾಸರಿ 9 ಸೆಂಟಿಮೀಟರ್ ಅಗಲ ಎಂದು ಹಿಡಿದರೆ, ಆ ಭಾರ ಸುಮಾರು 20 ಗ್ರಾಂಗೆ ಇಳಿಯುತ್ತದೆ. ಉದ್ದ ಅಗಲದ ಪೌಡರ್ ಸ್ಕೀ ಸರಾಸರಿ 12.5 ಸೆಂಟಿಮೀಟರ್ ಅಗಲ ಎಂದುಕೊಂಡರೆ ಸುಮಾರು 13 ಗ್ರಾಂ. ಹುಡುಗನ ತೂಕ ಅಷ್ಟೇ ಇದೆ, ಹಂಚಿಕೆ ಮಾತ್ರ ಬದಲಾಯಿತು.

ಮನೆಯಲ್ಲೇ ಇದನ್ನು ನೋಡಬಹುದು. ತಟ್ಟೆಯಲ್ಲಿ ಸಣ್ಣ ರವೆ ಹರಡಿ. ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಇಳಿಯುತ್ತದೆ. ಮಲಗಿಸಿ ಅಷ್ಟೇ ಬಲದಲ್ಲಿ ಒತ್ತಿ, ಮೇಲೆಯೇ ಇರುತ್ತದೆ. ಈಗ ನಾಣ್ಯವನ್ನು ಗಟ್ಟಿ ನೆಲಕ್ಕೆ ತನ್ನಿ. ನಿಂತ ನಾಣ್ಯ ಉರುಳುತ್ತದೆ, ತಿರುಗುತ್ತದೆ. ಮಲಗಿದ ನಾಣ್ಯ ಇದ್ದಲ್ಲೇ ಇರುತ್ತದೆ. ಮೆತ್ತಗಿನ ನೆಲದಲ್ಲಿ ಅಗಲ ಗೆದ್ದರೆ, ಗಟ್ಟಿ ನೆಲದಲ್ಲಿ ಅಂಚು ಗೆಲ್ಲುತ್ತದೆ.

ಅಗಲದ ಸ್ಕೀ ಬಹಳ ಹಳೆಯದೇನಲ್ಲ. 1980ರ ದಶಕದ ಕೊನೆಯವರೆಗೂ ಎಲ್ಲರದೂ ಸಪೂರ ಹಲಗೆಗಳೇ. ಶೇನ್ ಮೆಕಾಂಕಿ ಎಂಬ ಸಾಹಸಿ, ನೀರಿನ ಮೇಲೆ ಜಾರುವ ವಾಟರ್ ಸ್ಕೀಯನ್ನೇ ಕಾಲಿಗೆ ಕಟ್ಟಿಕೊಂಡು ಅಲಾಸ್ಕಾದ ಹಿಮದಲ್ಲಿ ಇಳಿದು ನೋಡಿದ. ಆಳವಾದ ಪೌಡರ್ ನೀರಿನ ಹಾಗೇ ನಡೆದುಕೊಳ್ಳುತ್ತದೆ ಎಂಬುದು ಅವನ ವಾದ. ಆ ವಿಚಾರದಿಂದ ಹುಟ್ಟಿದ, ಮೂತಿ ಬಾಲ ಎರಡೂ ಮೇಲಕ್ಕೆ ಬಾಗಿದ ಸ್ಕೀಗೆ ಇಟ್ಟ ಹೆಸರು 'ಸ್ಪಾಟುಲಾ'. ಅಂದರೆ ದೋಸೆ ಮೊಗಚುವ ಕೈ! ಇದನ್ನು ಕೇಳಿ ನನ್ನ ಹೆಂಡತಿ ಬಹಳ ಹೊತ್ತು ನಕ್ಕಳು.

ಇದಕ್ಕೆ ಪೂರ್ತಿ ಎದುರಾದದ್ದು ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಸ್ಕೀ. ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಅವರು. ಅವರದು ಅಣಿಮಾಡಿದ ಹಾದಿಯಲ್ಲಿ ಮೈಲಿಗಟ್ಟಲೆ ಓಡುವ ಸ್ಪರ್ಧೆ. ಅದಕ್ಕೆ ಬೇಕಾದ ಹಲಗೆ ಬಹಳ ಸಪೂರ, ಬಹಳ ಹಗುರ. ಪೌಡರ್ ಸ್ಕೀ ಕಟ್ಟಿಕೊಂಡು ಆ ಓಟ ಓಡಲಾಗದು.

ಒಂದು ರಾತ್ರಿ ಮೊಣಕಾಲುದ್ದ ಹಿಮ ಬಿತ್ತು. ಬೆಳಿಗ್ಗೆ ಅಲ್ಟಾ ಎಂಬ ಸ್ಕೀ ತಾಣಕ್ಕೆ ಹೋದೆವು. ಹುಡುಗ ಅದೇ 185ರ ಜೋಡಿ ಬಾಡಿಗೆಗೆ ತಂದಿದ್ದ. ಕೆಳಗೆ ಗಾಜಿನ ಕಿಟಕಿಯ ಹಿಂದೆ ಕುಳಿತು ನಾವು ನೋಡಿದೆವು. ಒಂಬತ್ತೂವರೆಗೆ ಅವನು ಇಳಿದು ಬಂದದ್ದು ಕೊಕ್ಕರೆ ಕೆರೆಗೆ ಇಳಿದಂತೆ. ಸದ್ದಿಲ್ಲ, ಹಿಂದೆ ಹಿಮದ ಧೂಳು. ಸಪೂರ ಸ್ಕೀ ಕಟ್ಟಿದ್ದ ಅವನ ಗೆಳೆಯನ ಮೂತಿಹಲಗೆ ಮತ್ತೆ ಮತ್ತೆ ಹಿಮದೊಳಗೆ ಹೊಕ್ಕು, ಅವನು ಮುಗ್ಗರಿಸಿ ಬೀಳುತ್ತಿದ್ದ.

ಹನ್ನೆರಡರ ಹೊತ್ತಿಗೆ ಲೆಕ್ಕ ತಿರುಗಿತು. ನೂರಾರು ಜನ ಓಡಾಡಿ ಪೌಡರ್ ಎಲ್ಲ ಕಲಸಿದಂತಾಗಿತ್ತು. ಆ ಗುಪ್ಪೆಗಳ ಮೇಲೆ ಉದ್ದನೆಯ ಭಾರದ ಸ್ಕೀ ಇನ್ನೂ ನೆಟ್ಟಗೆ ಹೋಗುತ್ತಿತ್ತು. ಆದರೆ ಯಂತ್ರ ಓಡಿಸಿ ಗಟ್ಟಿ ಮಾಡಿದ ಹಾದಿಯಲ್ಲಿ ಹುಡುಗ ಒದ್ದಾಡಿದ. ಗಟ್ಟಿ ಹಿಮದಲ್ಲಿ ತಿರುಗಬೇಕಾದರೆ ಹಲಗೆಯನ್ನು ವಾಲಿಸಿ ಅದರ ಉಕ್ಕಿನ ಅಂಚನ್ನು ಊರಬೇಕು. ಹಲಗೆ ಅಗಲವಾದಷ್ಟೂ ವಾಲಿಸಲು ಹೆಚ್ಚು ಬಲ ಬೇಕು, ಒಂದು ಅಂಚಿನಿಂದ ಇನ್ನೊಂದಕ್ಕೆ ಬರಲು ಹೆಚ್ಚು ಹೊತ್ತು ಬೇಕು. ಉದ್ದವಾದಷ್ಟೂ ಮರಗಳ ಸಂದಿಯಲ್ಲಿ ತಿರುಗಿಸುವುದು ಕಷ್ಟ. ಊಟಕ್ಕೆ ಬಂದವನು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

"ರಸ್ತೆಗೆ ಕೇಜ್‌ವೀಲ್ ತಂದೀಯಲ್ಲೋ" ಎಂದೆ. ಅವನಿಗೆ ಕೇಜ್‌ವೀಲ್ ಗೊತ್ತಿರಲಿಲ್ಲ. ಪೇಪರ್ ನ್ಯಾಪ್ಕಿನ್ ಮೇಲೆ ಚಿತ್ರ ಬರೆದು ತೋರಿಸಿದೆ. ಅಷ್ಟರಲ್ಲಿ ಹೊರಗೆ ಹಿಮ ಗಟ್ಟಿ ಮಾಡುವ ಯಂತ್ರ ನಿಂತಿತ್ತು. ನಮ್ಮ ನೆಲ್ಲು ಕೊಯ್ಯುವ ಯಂತ್ರದಂತೆಯೇ ಅಗಲವಾದ ಚೈನಿನ ಮೇಲೆ ಓಡುವಂಥದು. ಅದನ್ನು ತೋರಿಸಿದ ಮೇಲೆ ಪೂರ್ತಿ ಅರ್ಥವಾಯಿತು.

ಅವನ ಮನಸ್ಸು ಮಾತ್ರ ಬೇರೆ ಕಡೆ ಇತ್ತು. ತಾಣದ ಎಲ್ಲೆಯ ಹಗ್ಗದ ಆಚೆ, ಯಾರೂ ತುಳಿಯದ ಬೆಟ್ಟ. ಅಲ್ಲಿಗೆ ಲಿಫ್ಟ್ ಇಲ್ಲ. ಸ್ಕೀಯ ತಳಕ್ಕೆ ಒಂದೇ ದಿಕ್ಕಿಗೆ ಕೂದಲಿರುವ ಪಟ್ಟಿ ಅಂಟಿಸಿಕೊಂಡು ಹತ್ತಬೇಕು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಗಂಟೆಗಟ್ಟಲೆ ಹತ್ತುವಾಗ ಅಗಲದ ಸ್ಕೀಯ ಪ್ರತಿ ಗ್ರಾಂ ಕಾಲಿಗೆ ತಿಳಿಯುತ್ತದೆ. ಆದರೂ ಇಳಿಯುವ ಸುಖಕ್ಕಾಗಿ ಹೊತ್ತು ಹೋಗುತ್ತಾರೆ. "ಗೆಳೆಯರು ನಾಳೆ ಹೊರಟಿದ್ದಾರೆ, ನಾನೂ ಹೋಗ್ತೀನಿ" ಎಂದು ಹಟ ಹಿಡಿದ. ಮಗಳು ಬೇಡ ಎಂದಳು. "ಹುಗಿಯಲ್ಲಮ್ಮ, ಸ್ಕೀ ಅಗಲ ಇದೆ" ಎಂದ.

ಆಗ ನಾನು ಸಿಂಧನೂರಿನ ಒಬ್ಬ ರೈತರ ಕಥೆ ಹೇಳಿದೆ. ನಮ್ಮ ಬ್ಯಾಂಕಿಗೆ ಕಂತು ತಪ್ಪಿಸದವರು. ಕೇಜ್‌ವೀಲ್ ಇದೆ ಎಂಬ ಧೈರ್ಯದಲ್ಲಿ, ಕಾಲುವೆ ನೀರು ಸೋರಿ ಆಳಕ್ಕೆ ನೆನೆದಿದ್ದ ಮೂಲೆಗೆ ಟ್ರ್ಯಾಕ್ಟರ್ ಇಳಿಸಿದರು. ಹಿಂದಿನ ಗಾಲಿ ಕಚ್ಚಿಕೊಂಡಿತು. ಮುಂದಕ್ಕೆ ಎಳೆಸಲು ಜೋರಾಗಿ ಬಿಟ್ಟಾಗ ಗಾಲಿ ತಿರುಗಲಿಲ್ಲ, ಗಾಡಿಯ ಮುಂಭಾಗವೇ ಎದ್ದು ಹಿಂದಕ್ಕೆ ಮಗುಚಿತು. ಅವರು ಉಳಿಯಲಿಲ್ಲ. ಮುಂದಿನ ಕಂತು ಕಟ್ಟಲು ಕೌಂಟರಿಗೆ ಬಂದದ್ದು ಅವರ ಮಗ. ನಿನ್ನಷ್ಟೇ ವಯಸ್ಸಿನವನು. ಆ ಚೀಟಿಗೆ ಸೀಲು ಹಾಕಿದವನು ನಾನು.

"ಗಾಲಿ ಮೇಲಿನ ಕೆಸರನ್ನು ನೋಡಿಕೊಳ್ಳುತ್ತೆ. ಕೆಳಗಿನ ನೆಲದ ಜವಾಬ್ದಾರಿ ನಮ್ಮದು" ಎಂದೆ. ಹುಡುಗ ಮಾತಾಡಲಿಲ್ಲ.

ಹಿಮದಲ್ಲೂ ಅಪಾಯ ಕೆಳಗೇ ಇರುವುದು. ಹಳೆಯ ಪದರ ಸಡಿಲವಾಗಿದ್ದರೆ, ಅದರ ಮೇಲಿನ ಹೊಸ ಹಿಮ ಹಲಗೆಯಂತೆ ಒಟ್ಟಿಗೆ ಜಾರುತ್ತದೆ. ಹೆಚ್ಚಿನ ಹಿಮಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಆಡಲು ಮಜವಾದ ಇಳಿಜಾರೂ ಅದೇ! ತಾಣದೊಳಗೆ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಕಾವಲುಪಡೆ ಸ್ಫೋಟಕ ಹಾರಿಸಿ ಅಪಾಯದ ಹಿಮವನ್ನು ಬೀಳಿಸಿರುತ್ತದೆ. ಹಗ್ಗದ ಆಚೆ ಆ ಕೆಲಸ ಮಾಡುವವರಿಲ್ಲ. ಹೋಗುವವರು ಯೂಟಾ ಅವಲಾಂಚ್ ಸೆಂಟರ್ ದಿನವೂ ಕೊಡುವ ಮುನ್ಸೂಚನೆ ಓದಬೇಕು. ಹುಗಿದವರನ್ನು ಪತ್ತೆ ಹಚ್ಚುವ ರೇಡಿಯೊ, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಆಸೆ ಹೆಚ್ಚು. ಆಮೇಲೆ ಅದು ಬೇಗ ಕರಗುತ್ತದೆ. ಅಂದರೆ ಕಾಪಾಡುವವರು ಜೊತೆಗೆ ಬಂದವರೇ.

ಮರುದಿನ ಗೆಳೆಯರೂ ಹೋಗಲಿಲ್ಲ. ಆ ದಿನದ ಮುನ್ಸೂಚನೆಯಲ್ಲಿ ಅಪಾಯ ಹೆಚ್ಚೆಂದಿತ್ತು. ಹುಡುಗ ಅಂಗಡಿಗೆ ಹೋಗಿ 185ನ್ನು ಕೊಟ್ಟು, ನಡುವಿನ ಅಗಲದ, ಸ್ವಲ್ಪ ಗಿಡ್ಡನೆಯ ಜೋಡಿ ತಂದ. ಪೌಡರ್‌ನಲ್ಲೂ ಪರವಾಗಿಲ್ಲ, ಗಟ್ಟಿ ಹಾದಿಯಲ್ಲೂ ಪರವಾಗಿಲ್ಲ. ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ನಮ್ಮ ಮಸ್ಕಿ ಇದ್ದ ಹಾಗೆ!

ನಾವು ಊರಿಗೆ ಮರಳಿದ ಮೇಲೆ ಅವನು ಹಿಮಕುಸಿತದ ತರಬೇತಿ ಮುಗಿಸಿದ. ಈಗ ಅನುಭವವಿದ್ದ ದೊಡ್ಡವರ ಜೊತೆ ಹಗ್ಗದ ಆಚೆಗೂ ಹೋಗುತ್ತಾನೆ, ಉದ್ದ ಅಗಲದ ಸ್ಕೀ ಕಟ್ಟಿಕೊಂಡೇ. ಹೋಗುವ ಮುಂಚೆ ಅಂದಿನ ಮುನ್ಸೂಚನೆಯನ್ನು ನನ್ನ ಮೊಬೈಲಿಗೆ ಕಳಿಸುತ್ತಾನೆ. ಇಳಿದು ಬಂದ ಮೇಲೆ ಫೋನ್. ಅದು ಬರುವ ಹೊತ್ತಿಗೆ ಇಲ್ಲಿ ನಸುಕು. ನನ್ನ ಹೆಂಡತಿ ಅಷ್ಟರೊಳಗೆ ಎದ್ದು ಕುಳಿತಿರುತ್ತಾಳೆ.