ಯಾವ ಬಾಟಲಿ, ಎಷ್ಟು ಹನಿ

ಜೂನ್ ಕೊನೆ. ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿ ಇನ್ನೂ ಮುಗಿದಿಲ್ಲ. ಮೊದಲ ಮಳೆಗೆ ತೊಟ್ಟಿ, ಟೈರುಗಳಲ್ಲಿ ನೀರು ನಿಂತಿದೆ. ನೀವು ಕೋಲಾರದ ಜಿಲ್ಲಾಸ್ಪತ್ರೆಯ, ಜನ ಎಸ್‌ಎನ್‌ಆರ್ ಎಂದೇ ಕರೆಯುವ ಆಸ್ಪತ್ರೆಯ, ವಾರ್ಡಿನಲ್ಲಿ ನಿಂತಿದ್ದೀರಿ. ಫಿನಾಯಿಲ್ ವಾಸನೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಸಾಲು ಮಂಚಗಳ ಪಕ್ಕದ ಸ್ಟ್ಯಾಂಡುಗಳಲ್ಲಿ ಬಾಟಲಿಗಳು ತೂಗುತ್ತಿವೆ. ದೂರಕ್ಕೆ ಎಲ್ಲವೂ ಒಂದೇ, ಬರೀ ನೀರಿನಂತೆ.

ಸ್ಟ್ರೆಚರ್ ಒಳಬರುತ್ತದೆ. ಮಾಲೂರು ಕಡೆಯ ಇಟ್ಟಿಗೆ ಕೆಲಸಗಾರ, ರಾತ್ರಿಯಿಂದ ವಾಂತಿ ಭೇದಿ. ಕಣ್ಣು ಗುಳಿಬಿದ್ದಿದೆ, ನಾಲಿಗೆ ಒಣಗಿದೆ. ಸಿಸ್ಟರ್ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡುತ್ತಾರೆ. ಚರ್ಮ ಹಾಗೇ ನಿಂತು, ನಿಧಾನವಾಗಿ ಇಳಿಯುತ್ತದೆ. ನಾಡಿ ಬೆರಳಿಗೆ ಸಿಗುವುದೇ ಕಷ್ಟ.

“ಸಿಸ್ಟರಮ್ಮಾ, ಒಂದು ಗ್ಲೂಕೋಸ್ ಬಾಟ್ಲು ಏರ್ಸಿ, ಪೂರ್ತಿ ಸುಸ್ತಾಗ್ಬಿಟ್ಟವ್ರೆ” ಎಂದು ಹೆಂಡತಿ ಅಳುತ್ತಾಳೆ.

“ಈಗ ಬೇಕಾಗಿರೋದು ಗ್ಲೂಕೋಸ್ ಅಲ್ಲಮ್ಮ, ಬೇರೆ ಹಾಕ್ತಿದೀನಿ. ನೀನು ಅವರ ಕೈ ಅಲುಗದಂಗೆ ಹಿಡ್ಕೊ.”

ಡಾಕ್ಟರು ಬರೆದಿರುವುದು ಆರ್‌ಎಲ್, ರಿಂಗರ್ ಲ್ಯಾಕ್ಟೇಟ್. ಎರಡೂ ಕೈಗೆ ದಪ್ಪ ಸೂಜಿಯ ಹಸಿರು ಕ್ಯಾನುಲಾ. 50 ಕೆಜಿ ತೂಕದವನಿಗೆ ಮೊದಲ ಅರ್ಧ ಗಂಟೆಯಲ್ಲಿ ಒಂದೂವರೆ ಲೀಟರ್, ನಂತರದ ಎರಡೂವರೆ ಗಂಟೆಯಲ್ಲಿ ಮೂರೂವರೆ ಲೀಟರ್ ಒಳಹೋಗಬೇಕು. ಹನಿ ಹನಿಯಲ್ಲ, ಧಾರೆಯೇ ಇಳಿಯುತ್ತಿದೆ.

ಗ್ಲೂಕೋಸ್ ಯಾಕೆ ಬೇಡವಾಯಿತು? ಜನ ಗ್ಲೂಕೋಸ್ ಎನ್ನುವ 5% ಡೆಕ್ಸ್ಟ್ರೋಸ್‌ನ 500 ಮಿಲಿ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿ. ತುಪ್ಪ ಹಾಕಿ ಕಾಯಿಸಿದ ಒಂದು ಮುಳಬಾಗಿಲು ದೋಸೆಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ದೇಹ ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಆ ನೀರು ಮೈಯ ಎಲ್ಲ ಜೀವಕೋಶಗಳಿಗೂ ಹರಡಿಹೋಗುತ್ತದೆ. ರಕ್ತನಾಳದಲ್ಲಿ ನಿಲ್ಲುವುದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಬಿಪಿ ಬಿದ್ದವನಿಗೆ ಅದರಿಂದ ಏನೂ ಆಗದು. ಉಪ್ಪಿರುವ ದ್ರಾವಣ ಜೀವಕೋಶದೊಳಕ್ಕೆ ನುಗ್ಗುವುದಿಲ್ಲ, ಕಾಲು ಭಾಗದಷ್ಟಾದರೂ ರಕ್ತನಾಳದಲ್ಲಿ ಉಳಿಯುತ್ತದೆ.

ಆ ಉಪ್ಪಿನಲ್ಲೂ ಬಗೆಯುಂಟು. ಎನ್‌ಎಸ್, ಅಂದರೆ ನಾರ್ಮಲ್ ಸಲೈನ್, ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರು. ರಕ್ತ ಕೊಡುವಾಗ ಅದರ ಜೊತೆಗೆ ಇದೊಂದನ್ನೇ ಹಾಕುತ್ತಾರೆ. ಆದರೆ ಅದರಲ್ಲಿ ಕ್ಲೋರೈಡ್ ನಮ್ಮ ರಕ್ತದಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಲೀಟರುಗಟ್ಟಲೆ ಏರಿಸಿದರೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ. ಭೇದಿಯಾದವನ ರಕ್ತ ಮೊದಲೇ ಆ ಸ್ಥಿತಿಯಲ್ಲಿರುತ್ತದೆ. ಆರ್‌ಎಲ್‌ನಲ್ಲಿ ಉಪ್ಪಿನ ಜೊತೆ ಒಂದಿಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇವೆ. ಯಕೃತ್ತು ಆ ಲ್ಯಾಕ್ಟೇಟನ್ನು ಬೈಕಾರ್ಬನೇಟ್ ಮಾಡಿ ಆಮ್ಲವನ್ನು ತಗ್ಗಿಸುತ್ತದೆ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟು ಸಾಯುವವರನ್ನು ಎಬ್ಬಿಸಿದ. ಸಿಡ್ನಿ ರಿಂಗರ್, ಆಮೇಲೆ ಅಲೆಕ್ಸಿಸ್ ಹಾರ್ಟ್‌ಮನ್ ಅದನ್ನು ತಿದ್ದಿದರು. ಆ ದಾರಿ ಇಲ್ಲಿ ಮಾಲೂರಿನವನ ಮಂಚದವರೆಗೆ ಬಂದಿದೆ.

ಬಾಟಲಿ ತೂಗುಹಾಕುವ ಮೊದಲು ಸಿಸ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದನ್ನು ಗಮನಿಸಿದಿರಾ? ಕಸವಿದೆಯೇ, ಕದಡಿದೆಯೇ ಎಂದು ನೋಡಿದರು. ಒತ್ತಿ, ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡರು. ಅವಧಿ ಓದಿ, ಬ್ಯಾಚ್ ನಂಬರ್ ಬರೆದುಕೊಂಡರು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆರ್‌ಎಲ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದು ಸರ್ಕಾರ ಅದರ ಬಳಕೆ ತಡೆಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ದ್ರಾವಣದಲ್ಲಿ ಬ್ಯಾಕ್ಟೀರಿಯಾದ ವಿಷ ಸೇರಿದ್ದರೆ ಅದು ಯಾವ ಕಿಟಕಿಯ ಬೆಳಕಿಗೂ ಕಾಣುವುದಿಲ್ಲ. ಆ ಹೊಣೆ ಕಾರ್ಖಾನೆ ಮತ್ತು ಪ್ರಯೋಗಾಲಯದ್ದು. ಅದನ್ನು ನರ್ಸಿನ ತಲೆಗೆ ಕಟ್ಟುವುದು ಅನ್ಯಾಯ.

ಗೋಡೆ ಪಕ್ಕದ ಮಂಚಕ್ಕೆ ಬನ್ನಿ. ಮುಳಬಾಗಿಲಿನ ಅಜ್ಜಿ, ಹೃದಯ ದುರ್ಬಲ, ಜ್ವರಕ್ಕೆ ಊಟ ಬಿಟ್ಟಿದ್ದಾರೆ. 500 ಮಿಲಿ ಎಂಟು ಗಂಟೆಯಲ್ಲಿ ಹೋಗಬೇಕು. ಈ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿ. ಲೆಕ್ಕ ಹಾಕಿದರೆ ನಿಮಿಷಕ್ಕೆ 21 ಹನಿ. ಸಿಸ್ಟರ್ ವಾಚು ನೋಡುತ್ತ ಎಣಿಸಿ ಹೋಗಿದ್ದಾರೆ. ಈಗ ಮಗ ಸುತ್ತಮುತ್ತ ನೋಡಿ ಟ್ಯೂಬಿನ ಚಕ್ರವನ್ನು ಮೇಲಕ್ಕೆ ತಳ್ಳುತ್ತಾನೆ. ಹನಿ ಓಡತೊಡಗುತ್ತದೆ.

“ಅಣ್ಣಾ, ಅದನ್ನ ಮುಟ್ಬೇಡಿ!” ಸಿಸ್ಟರ್ ಓಡಿಬಂದು ಚಕ್ರ ಇಳಿಸುತ್ತಾರೆ.

“ಬೇಗ ಮುಗಿದ್ರೆ ಕೊನೇ ಬಸ್ಸು ಸಿಗತ್ತೆ ಅಂತ, ಸಿಸ್ಟರ್.”

“ಇಷ್ಟೂ ನೀರು ಒಂದೇ ಸಲ ಹೋದ್ರೆ ಅಮ್ಮನ ಹೃದಯ ತಡ್ಕೊಳಲ್ಲ. ಶ್ವಾಸಕೋಶಕ್ಕೆ ನೀರು ತುಂಬುತ್ತೆ, ಉಸಿರು ಕಟ್ಟುತ್ತೆ.”

ಅಜ್ಜಿಯನ್ನು ಎತ್ತಿ ಕೂರಿಸಿ, ಉಸಿರು ಎಣಿಸಿ, ಪಾದ ಒತ್ತಿ ಬಾವು ನೋಡುತ್ತಾರೆ. ಯೂರಿನ್ ಎಷ್ಟಾಯಿತೆಂದು ಚಾರ್ಟಿನಲ್ಲಿ ಬರೆಯುತ್ತಾರೆ. ಒಳಹೋದದ್ದು, ಹೊರಬಂದದ್ದು: ಈ ಎರಡು ಕಾಲಂ ಇಡೀ ಚಿಕಿತ್ಸೆಯ ಜೀವಾಳವೆಂದು ನನ್ನ ನಂಬಿಕೆ.

ಇನ್ನೊಂದು ಮಂಚದಲ್ಲಿ ಶ್ರೀನಿವಾಸಪುರದ ಹುಡುಗ, 20 ಕೆಜಿ, ಡೆಂಗಿ. ಜ್ವರ ಇಳಿದ ಮೇಲೆಯೇ ಹೊಟ್ಟೆನೋವು, ವಾಂತಿ ಶುರುವಾಗಿದೆ. ಅಪಾಯದ ಹೊತ್ತು ಅದೇ. ಅಪ್ಪ ಕೇಳುವುದೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದು. ಸಿಸ್ಟರ್ ನೋಡುವುದು ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೆಮಟೋಕ್ರಿಟ್, ನಾಡಿ, ಬಿಪಿ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆ. ಮೊದಲು ಗಂಟೆಗೆ 100ರಿಂದ 140 ಮಿಲಿ ಎನ್‌ಎಸ್, ಸುಧಾರಿಸಿದಂತೆ 60ಕ್ಕೆ ಇಳಿಕೆ. ಮೈಕ್ರೋ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿ, ಆದ್ದರಿಂದ ಗಂಟೆಗೆ 60 ಮಿಲಿ ಎಂದರೆ ನಿಮಿಷಕ್ಕೆ 60 ಹನಿ. ಒಂದೆರಡು ದಿನದಲ್ಲಿ ಸೋರಿಕೆ ನಿಂತು, ಸೋರಿದ್ದೇ ರಕ್ತಕ್ಕೆ ಮರಳುತ್ತದೆ. ಆಗ ಡ್ರಿಪ್ ನಿಲ್ಲಿಸದಿದ್ದರೆ ಅದೇ ಮುಳುಗಿಸುತ್ತದೆ.

ಸಂಜೆಯಾಗಿದೆ. ಮಾಲೂರಿನವನ ನಾಡಿ ಈಗ ನಿಮ್ಮ ಬೆರಳಿಗೂ ಸಿಗುತ್ತದೆ. ಬಾಯಿಗೆ ನೀರು ಕೇಳುತ್ತಾನೆ. ಸಿಸ್ಟರ್ ಓಆರ್‌ಎಸ್ ಲೋಟ ಕೊಡುತ್ತಾರೆ.

ಓದುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಕುಡಿಯಲು ಆಗುವವರಿಗೆ ಸುಸ್ತೆಂದು ಗ್ಲೂಕೋಸ್ ಏರಿಸಿ ಎಂದು ಹಟ ಹಿಡಿಯಬೇಡಿ. ಭೇದಿಯಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಓಆರ್‌ಎಸ್ ಬೆರೆಸಿ ಕುಡಿಸಿ. ಡ್ರಿಪ್ಸ್ ಹಾಕಿದಾಗ ಚಕ್ರ ಮುಟ್ಟಬೇಡಿ. ಕೈ ಊದಿದರೆ, ಚಳಿ ನಡುಕ ಬಂದರೆ, ಉಸಿರು ಭಾರವಾದರೆ ತಕ್ಷಣ ಸಿಸ್ಟರನ್ನು ಕೂಗಿ.