ಬಾದಾಮಿಯಲ್ಲಿ ಏಳು ದಿನ

ಕಳೆದ ಮಾಘದಲ್ಲಿ ನಾವು ಏಳು ದಿನ ಬಾದಾಮಿಯಲ್ಲಿ ತಂಗಿದ್ದೆವು. ಪ್ರಾತಃಕಾಲ ಅಗಸ್ತ್ಯತೀರ್ಥದ ದಂಡೆಯಲ್ಲಿ ನಡಿಗೆ, ಮಧ್ಯಾಹ್ನ ಗ್ರಂಥಾವಲೋಕನ, ಇದು ನಿತ್ಯಕ್ರಮ. ಸೋಮವಾರ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವನ್ನು ಕಂಡೆವು. ಬುಧವಾರ ಬನಶಂಕರಿಯಲ್ಲಿ ತಾಯಂದಿರು ಬುಟ್ಟಿಯಿಂದ ತೆಗೆದು ಬಡಿಸಿದ ಜೋಳದ ರೊಟ್ಟಿ, ಗಟ್ಟಿ ಮೊಸರನ್ನು ಉಂಡು ತೃಪ್ತರಾದೆವು.

ಶುಕ್ರವಾರ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ವೀಕ್ಷಿಸುತ್ತಿದ್ದೆವು. ಆಗ ಊರಿನ ವೃದ್ಧರೊಬ್ಬರು ಮಲಪ್ರಭೆಯ 2019ರ ಆಗಸ್ಟ್ ಪ್ರವಾಹವನ್ನು ನೆನೆದು, "ಹೊಳಿ ಇಲ್ಲೀತನಕಾ ಬಂದಿತ್ರೀ. ಗುಡಿ ನಿಂತಿತು, ನಮ್ಮ ಮನಿ ಬಿತ್ತು. ಮತ್ತ ಕಟ್ಟೀವ್ರಿ" ಎಂದರು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಶಿಲೆಗಳಿಗೆ ಕಾವಲುಗಾರರುಂಟು. ಆ ಮನೆಗೆ ಅದರ ಯಜಮಾನರೇ ಕಾವಲು. ಪ್ರವಾಸ ಹೊರಡುವ ಬಂಧುಗಳು ಗುಡಿಯನ್ನು ಕಂಡಂತೆ ಅದರ ನೆರಳಿನಲ್ಲಿ ಬಾಳುವವರನ್ನೂ ಮಾತನಾಡಿಸಿ ಬರಬೇಕು.